ಮರೆವಿನ ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುವ ಅತ್ತಿಗೆ ಸಿಡುಕುತ್ತಾರೆ, ನಾನೇನು ಮಾಡಲಿ?

ಪ್ರಶ್ನೆ: ನನ್ನ ಅಮ್ಮನಿಗೆ 76 ವರ್ಷ. ಮೂರು ವರ್ಷದ ಹಿಂದೆ ಅಲ್ಝೈಮರ್ಸ್ ಇದೆ ಅಂತ ಡಾಕ್ಟರ್ ಹೇಳಿದರು. ಅಣ್ಣ-ಅತ್ತಿಗೆ ಜೊತೆ ಇದ್ದಾರೆ. ಅಣ್ಣ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಹಾಗಾಗಿ ಅಮ್ಮನ ಜವಾಬ್ದಾರಿ ಪೂರ್ತಿ ಅತ್ತಿಗೆಯದೇ. ನಾನು ಬೇರೆ ಊರಿನಲ್ಲಿದ್ದೇನೆ, ಎರಡು-ಮೂರು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ನಾನು ಹೋದಾಗ ಅಮ್ಮ ಚೆನ್ನಾಗೇ ಮಾತಾಡುತ್ತಾರೆ. ಬದಲಾಗಿರುವುದು ಅತ್ತಿಗೆ. ಮೊದಲೆಲ್ಲ ನಗುನಗುತ್ತಾ ಇದ್ದವರು ಈಗ ಸಣ್ಣ ಮಾತಿಗೂ ಸಿಡುಕುತ್ತಾರೆ, ಫೋನ್ ಎತ್ತುವುದಿಲ್ಲ. ಕಳೆದ ಸಲ ನನ್ನೆದುರಿಗೇ ಅಮ್ಮನ ಮೇಲೆ ಕೂಗಾಡಿದರು. ಅಮ್ಮ ಬೇರೆ ‘ಇವಳು ನನ್ನ ದುಡ್ಡು ಕದೀತಾಳೆ’ ಅಂತ ನನ್ನ ಕಿವಿಯಲ್ಲಿ ಹೇಳಿದರು. ಏನಾದರೂ ಸಹಾಯ ಬೇಕಾ ಅಂದರೆ ಅತ್ತಿಗೆ ‘ಏನೂ ಬೇಡ, ನಡೀತಿದೆ’ ಅಂತಾರೆ. ಅಣ್ಣ ‘ಅವಳಿಗೆ ಅಭ್ಯಾಸ ಆಗಿದೆ ಬಿಡು’ ಅಂತಾನೆ. ಅತ್ತಿಗೆ ಮೇಲೆ ಕೋಪವೂ ಬರುತ್ತೆ, ಪಾಪ ಅಂತಲೂ ಅನಿಸುತ್ತೆ. ನಾನೇನು ಮಾಡಲಿ?

ಉತ್ತರ: ಡಿಮೆನ್ಷಿಯಾ (ಮರೆವಿನ ಕಾಯಿಲೆ, ಅಲ್ಝೈಮರ್ಸ್ ಅದರ ಒಂದು ಬಗೆ) ಇರುವ ಮನೆಗಳಿಂದ ನಮಗೆ ಬರುವ ಪ್ರಶ್ನೆಗಳು ಹೆಚ್ಚಾಗಿ ಕಾಯಿಲೆ ಬಂದವರ ಬಗ್ಗೆಯೇ ಇರುತ್ತವೆ. ಅವರನ್ನು ಹಗಲು-ರಾತ್ರಿ ನೋಡಿಕೊಳ್ಳುವವರ ಬಗ್ಗೆ ಕೇಳುವವರು ಕಡಿಮೆ. ನೀವು ಕೇಳಿದಿರಿ, ಒಳ್ಳೆಯದಾಯಿತು. ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ನಿಮ್ಮ ಅತ್ತಿಗೆ ಸೋತು ಹೋಗಿದ್ದಾರೆ. ತಿಂಗಳುಗಟ್ಟಲೆ ನಿದ್ದೆ ಇಲ್ಲದೆ, ಒಂದು ದಿನವೂ ಬಿಡುವಿಲ್ಲದೆ ದುಡಿದರೆ ಎಂಥವರೂ ಹೀಗೇ ಆಗುತ್ತಾರೆ. ಅವರಿಗೆ ಬುದ್ಧಿಮಾತು ಹೇಳಿ ಪ್ರಯೋಜನ ಇಲ್ಲ. ‘ನೀವು ದೇವರಂಥವರು’ ಅಂತ ಹೊಗಳಿಯೂ ಪ್ರಯೋಜನ ಇಲ್ಲ. ಅವರ ಕೆಲಸದಲ್ಲಿ ನೀವು, ನಿಮ್ಮಣ್ಣ ಪಾಲು ತಗೋಬೇಕು. ಅದು ಹೇಗೆ ಅನ್ನುವುದೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ.

ಮೊದಲು ‘ಅಮ್ಮ ಚೆನ್ನಾಗೇ ಮಾತಾಡುತ್ತಾರೆ’ ಅನ್ನುವ ಮಾತು ನೋಡೋಣ. ಅಲ್ಝೈಮರ್ಸ್‌ನಲ್ಲಿ ಮೊದಮೊದಲು ಪೆಟ್ಟು ಬೀಳುವುದು ಮೆದುಳಿನಲ್ಲಿ ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಭಾಗಕ್ಕೆ. ಜೀವಮಾನವೆಲ್ಲ ಆಡಿ ರೂಢಿಯಾದ ಮಾತುಗಳು, ‘ಬಾ ಕೂತ್ಕೋ, ಮಕ್ಕಳು ಹೇಗಿದ್ದಾರೆ’ ಅನ್ನುವಂಥವು, ತುಂಬಾ ಕಾಲ ಉಳಿದಿರುತ್ತವೆ. ಅಪರೂಪಕ್ಕೆ ಮಗಳು ಬಂದಾಗ ಅಮ್ಮ ಇರುವ ಶಕ್ತಿಯನ್ನೆಲ್ಲ ಒಟ್ಟುಮಾಡಿಕೊಂಡು ಒಂದೆರಡು ಗಂಟೆ ಸರಿಯಾಗಿಯೇ ಇರುತ್ತಾರೆ. ಬೇಕೆಂದು ಹಾಗೆ ಮಾಡುವುದಲ್ಲ, ತಾನಾಗೇ ಆಗುತ್ತದೆ. ನೀವು ಹೊರಟ ಮೇಲೆ ಆ ದಣಿವಿಗೆ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ. ಆ ಸಂಜೆಯನ್ನು ನೋಡುವವರು ಅತ್ತಿಗೆ ಒಬ್ಬರೇ. ‘ಅಮ್ಮ ಚೆನ್ನಾಗೇ ಇದ್ದಾರಲ್ಲ’ ಅಂತ ನೀವು ಖುಷಿಯಿಂದಲೇ ಹೇಳಿರಬಹುದು. ಅವರ ಕಿವಿಗೆ ಅದು ‘ನೀವು ಹೇಳುವುದೆಲ್ಲ ಸುಳ್ಳು’ ಅಂತ ಕೇಳಿಸುತ್ತದೆ. ಡಾಕ್ಟರ ಕೋಣೆಯಲ್ಲೂ ಹೀಗೇ ಆಗುತ್ತದೆ. ಹತ್ತು ನಿಮಿಷ ಅಮ್ಮ ಲಕ್ಷಣವಾಗಿ ಉತ್ತರ ಕೊಡುತ್ತಾರೆ, ಪಕ್ಕದಲ್ಲಿ ಕೂತವರು ಮಾತಿಲ್ಲದೆ ಎದ್ದು ಬರುತ್ತಾರೆ. ಹಾಗಾಗಿ ನೀವು ಕೊಡಬಹುದಾದ ಮೊದಲ ಸಹಾಯ ಅಂದರೆ ಅತ್ತಿಗೆ ಹೇಳುವುದನ್ನು ನಂಬುವುದು.

ಇನ್ನು ದುಡ್ಡಿನ ಮಾತು. ಅಮ್ಮ ಪರ್ಸನ್ನು ಎಲ್ಲೋ ಜೋಪಾನವಾಗಿ ಇಡುತ್ತಾರೆ. ಇಟ್ಟಿದ್ದು ನೆನಪಿನಲ್ಲಿ ಉಳಿಯುವುದೇ ಇಲ್ಲ. ಹುಡುಕಿದರೆ ಸಿಗುವುದಿಲ್ಲ. ತಾನು ಇಟ್ಟೇ ಇಲ್ಲ ಎಂದ ಮೇಲೆ ಯಾರೋ ತೆಗೆದಿರಲೇಬೇಕು, ಅಲ್ವಾ? ದಿನವಿಡೀ ಸುತ್ತಮುತ್ತ ಓಡಾಡುವವರು ಯಾರೋ ಅವರೇ ಕಳ್ಳರಾಗುತ್ತಾರೆ. ಯಾರು ಜಾಸ್ತಿ ಮಾಡುತ್ತಾರೋ ಅವರ ಮೇಲೇ ಜಾಸ್ತಿ ಆರೋಪ. ನಿಮ್ಮ ಕಿವಿಯಲ್ಲಿ ಅಮ್ಮ ಹೀಗೆ ಹೇಳಿದಾಗ ವಾದ ಮಾಡಬೇಡಿ, ಹೌದೌದು ಅಂತಲೂ ಅನ್ನಬೇಡಿ. ‘ಬಾಮ್ಮ, ಇಬ್ಬರೂ ಹುಡುಕೋಣ’ ಅನ್ನಿ. ಆಮೇಲೆ ಅತ್ತಿಗೆಗೆ ನೀವಾಗಿಯೇ ಹೇಳಿ: ‘ಅಮ್ಮ ನಿಮ್ಮ ಬಗ್ಗೆ ಹೀಗಂದರು. ಅದು ಕಾಯಿಲೆ ಆಡಿಸುವ ಮಾತು ಅಂತ ನನಗೆ ಗೊತ್ತು. ನಿಮ್ಮ ಮೇಲೆ ನನಗೆ ಒಂದು ಚೂರೂ ಅನುಮಾನ ಇಲ್ಲ.’ ನಾದಿನಿಯ ಬಾಯಿಂದ ಈ ಮಾತು ಕೇಳಲು ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಕಾದಿರುತ್ತಾರೆ.

ಈ ಕೆಲಸ ಹೊರಗಿನಿಂದ ಕಾಣುವುದಿಲ್ಲ ಅನ್ನುವುದೇ ದೊಡ್ಡ ತೊಂದರೆ. ಸ್ನಾನವನ್ನೇ ತಗೊಳ್ಳಿ. ನಮಗೆ ಅದು ಒಂದೇ ಕೆಲಸ. ಅಮ್ಮನಿಗೆ ಅದು ಹತ್ತಿಪ್ಪತ್ತು ಕೆಲಸಗಳ ಸಾಲು, ಒಂದಾದ ಮೇಲೆ ಯಾವುದು ಅನ್ನುವುದೇ ತಪ್ಪಿಹೋಗಿದೆ. ಬಟ್ಟೆ ಯಾಕೆ ತೆಗೆಯಬೇಕು ಗೊತ್ತಾಗುವುದಿಲ್ಲ. ಚಳಿ ಆಗುತ್ತದೆ. ತಲೆ ಮೇಲೆ ಏಕಾಏಕಿ ನೀರು ಬಿದ್ದರೆ ಹೆದರಿಕೆ. ಎದುರಿಗಿರುವವರು ಯಾರೋ ಅಪರಿಚಿತರು, ತನ್ನ ಸೀರೆ ಎಳೆಯುತ್ತಿದ್ದಾರೆ ಅನಿಸಿದರೆ ಕೂಗುತ್ತಾರೆ, ಹೊಡೆಯುತ್ತಾರೆ, ಪರಚುತ್ತಾರೆ. ಅತ್ತಿಗೆ ಒಂದು ಕೈಯಲ್ಲಿ ಅವರು ಜಾರದಂತೆ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹಾಕುತ್ತಾ, ದನಿ ಏರಿಸದೆ ‘ಈಗ ಕೈ ತೊಳೆಯೋಣ, ಈಗ ಬೆನ್ನು’ ಅಂತ ಒಂದೊಂದೇ ಹೆಜ್ಜೆ ಹೇಳಬೇಕು. ಮುಗಿಯುವ ಹೊತ್ತಿಗೆ ಅವರೂ ಪೂರ್ತಿ ಒದ್ದೆ. ಒರೆಸಿ ಬಟ್ಟೆ ಉಡಿಸಿದ ಮೇಲೆ ಅಮ್ಮ ಕೇಳುತ್ತಾರೆ: ‘ನನಗೆ ಇವತ್ತು ಸ್ನಾನ ಮಾಡಿಸೋದಿಲ್ವಾ?’

ಅಮ್ಮ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರಲ್ಲ, ಅದೂ ಹಠ ಅಲ್ಲ. ಉತ್ತರ ಮನಸ್ಸಿನಲ್ಲಿ ದಾಖಲಾಗುವುದೇ ಇಲ್ಲ. ಅವರಿಗೆ ಪ್ರತಿ ಸಲವೂ ಮೊದಲ ಸಲವೇ. ಉತ್ತರ ಕೊಡುವವರಿಗೆ ಮಾತ್ರ ಹಾಗಲ್ಲ.

ರಾತ್ರಿಯ ಕಥೆ ಬೇರೆ. ಈ ಕಾಯಿಲೆಯಲ್ಲಿ ನಿದ್ದೆ-ಎಚ್ಚರದ ಲಯ ಕೆಡುತ್ತದೆ. ನಡುರಾತ್ರಿ ಎದ್ದು ‘ನಾನು ಮನೆಗೆ ಹೋಗಬೇಕು’ ಅಂತ ಬಾಗಿಲ ಚಿಲಕ ತೆಗೆಯುತ್ತಾರೆ. ಹೀಗೆ ಒಮ್ಮೆ ಆದರೆ ಸಾಕು, ಆಮೇಲೆ ಪಕ್ಕದಲ್ಲಿ ಮಲಗುವವರಿಗೆ ಗಾಢವಾದ ನಿದ್ದೆ ಅನ್ನುವುದು ಇರುವುದಿಲ್ಲ. ಸುಮ್ನೆ ಕೂತಿದ್ದಾಗಲೂ ಕಿವಿ ಅತ್ತಲೇ ಇರುತ್ತದೆ. ಗ್ಯಾಸ್ ಹಚ್ಚಿದರಾ, ಬಾಗಿಲು ತೆಗೆದರಾ, ಬಚ್ಚಲಲ್ಲಿ ಜಾರಿದರಾ? ಇದನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದ ಪ್ರಕಾರ ಡಿಮೆನ್ಷಿಯಾ ಇರುವವರಿಗಾಗಿ ಮನೆಯವರು, ಹತ್ತಿರದವರು ದಿನಕ್ಕೆ ಸರಾಸರಿ 5 ಗಂಟೆ ದುಡಿಯುತ್ತಾರೆ. ಆರೈಕೆಯ ಒಟ್ಟು ಗಂಟೆಗಳಲ್ಲಿ 70 ಶೇಕಡಾ ಹೆಣ್ಣುಮಕ್ಕಳದು. ಈ ಕಾಯಿಲೆಗೆ ಜಗತ್ತು ತೆರುವ ಒಟ್ಟು ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಬರುವುದು ಸಂಬಳವಿಲ್ಲದೆ ದುಡಿಯುವ ಇಂಥವರ ಲೆಕ್ಕದಿಂದ. 5 ಗಂಟೆ ಅನ್ನುವುದು ಸರಾಸರಿ. ನಿಮ್ಮ ಅತ್ತಿಗೆಯ ಗಂಟೆಗಳು ಅದಕ್ಕಿಂತ ಎಷ್ಟೋ ಜಾಸ್ತಿ ಇರಬೇಕು ಅಂತ ನಿಮ್ಮ ಪತ್ರ ನೋಡಿದರೇ ಗೊತ್ತಾಗುತ್ತದೆ.

ಅಣ್ಣ ‘ಅಭ್ಯಾಸ ಆಗಿದೆ’ ಅಂದರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಅಭ್ಯಾಸ ಆಗಬೇಕಾದರೆ ಕೆಲಸ ಒಂದೇ ಥರ ಇರಬೇಕು. ಡಿಮೆನ್ಷಿಯಾ ಹಾಗಿರುವುದಿಲ್ಲ. ಹೋದ ವರ್ಷ ದಾರಿ ತಪ್ಪುತ್ತಾರೆ ಅನ್ನುವ ಚಿಂತೆ, ಈ ವರ್ಷ ಬಟ್ಟೆಯಲ್ಲೇ ಮೂತ್ರ ಹೋಗುತ್ತದೆ ಅನ್ನುವ ಚಿಂತೆ, ಮುಂದೆ ಊಟ ನುಂಗುವುದೇ ಕಷ್ಟ ಆಗಬಹುದು. ಒಂದಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಇನ್ನೊಂದು.

ಇದರ ಜೊತೆ ದುಃಖವೂ ಇದೆ, ಅದನ್ನು ಹೇಳಿಕೊಳ್ಳಲು ಜಾಗ ಇಲ್ಲ. ಪಾಲೀನ್ ಬಾಸ್ ಎಂಬ ಸಂಶೋಧಕಿ 1970ರ ದಶಕದಿಂದಲೂ ಈ ಬಗೆಯ ನೋವಿನ ಬಗ್ಗೆ ಕೆಲಸ ಮಾಡಿದ್ದಾರೆ. ಮನುಷ್ಯ ಕಣ್ಣೆದುರಿಗೇ ಇದ್ದಾರೆ, ಆದರೆ ನಮಗೆ ಗೊತ್ತಿದ್ದ ಅವರು ಇಲ್ಲ. ಸತ್ತಿಲ್ಲವಾದ್ದರಿಂದ ಅಳುವ ಹಾಗಿಲ್ಲ, ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಅತ್ತಿಗೆಗೂ ಅಮ್ಮನ ಜೊತೆ ಅವರದೇ ಒಂದು ನಂಟು ಇದ್ದಿರಬೇಕು. ಅದನ್ನೂ ಅವರು ಕಳೆದುಕೊಳ್ಳುತ್ತಿದ್ದಾರೆ. ‘ಸೊಸೆಗೆ ಏನು ದುಃಖ’ ಅಂತ ಮನೆಯವರು ಅಂದುಕೊಳ್ಳುವುದನ್ನು ನೋಡಿದ್ದೇನೆ. ಅದು ತೀರಾ ಅನ್ಯಾಯ.

ಸುಸ್ತು ಮಿತಿ ಮೀರಿದೆ ಅಂತ ಗುರುತಿಸುವುದು ಹೇಗೆ? ಸಿಡುಕು ಎಲ್ಲರಿಗೂ ಕಾಣುತ್ತದೆ. ಕಾಣದೇ ಇರುವುದು ಬೇರೆ ಇದೆ. ಅವರ ಸ್ವಂತ ಬಿಪಿ, ಶುಗರ್ ಮಾತ್ರೆ ತಪ್ಪುತ್ತಿದೆಯಾ? ಕೊನೆಯ ಸಲ ಅವರಿಗಾಗಿಯೇ ಡಾಕ್ಟರ ಹತ್ತಿರ ಹೋಗಿದ್ದು ಯಾವಾಗ? ತೂಕ ಇಳಿದಿದೆಯಾ? ನೆಂಟರ ಮನೆಗೆ ಹೋಗುವುದು, ಗೆಳತಿಯರ ಜೊತೆ ಮಾತಾಡುವುದು ನಿಂತು ಎಷ್ಟು ದಿನ ಆಯಿತು? ಬೆನ್ನುನೋವು, ತಲೆನೋವು ಬಿಡದೆ ಕಾಡುತ್ತಿದೆಯಾ? ಕೂಗಾಟಕ್ಕಿಂತ ನನಗೆ ಹೆಚ್ಚು ಭಯ ಆಗುವುದು ಮಾತೇ ನಿಂತಾಗ. ಏನು ಕೇಳಿದರೂ ‘ಹೂಂ’, ಯಾವುದರಲ್ಲೂ ಆಸೆ ಇಲ್ಲ, ಮುಖದಲ್ಲಿ ಏನೂ ಇಲ್ಲ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ.

ಈ ಹೊರೆಯನ್ನು ಅಳೆಯಲು ಒಂದು ಪ್ರಶ್ನಾವಳಿಯೂ ಇದೆ. ಸ್ಟೀವನ್ ಜಾರಿಟ್ ಮತ್ತು ಜೊತೆಗಾರರು 1980ರಲ್ಲಿ ಸಿದ್ಧ ಮಾಡಿದ್ದು. ಈಗ ಹೆಚ್ಚಾಗಿ ಬಳಸುವುದು ಅದರ 22 ಪ್ರಶ್ನೆಗಳ ರೂಪವನ್ನು, ಒಂದೊಂದಕ್ಕೆ 0ಯಿಂದ 4 ಅಂಕ. ಅಮ್ಮನನ್ನು ನೋಡುವ ಡಾಕ್ಟರನ್ನೋ ಅಲ್ಲಿನ ಆಪ್ತಸಮಾಲೋಚಕರನ್ನೋ ಕೇಳಿದರೆ ಅತ್ತಿಗೆಗೆ ಇದನ್ನು ಮಾಡಿಸಬಹುದು. ಅಂಕಕ್ಕಿಂತ ಮುಖ್ಯ ಏನೆಂದರೆ, ಒಬ್ಬರು ಕೂತು ಅವರ ಬಗ್ಗೆ ಕೇಳಿದಂತಾಗುತ್ತದೆ. ಇದನ್ನು ಹಗುರವಾಗಿ ತಗೋಬೇಡಿ. 1999ರಲ್ಲಿ ಅಮೆರಿಕದ ಸಂಶೋಧಕರು ಕಾಯಿಲೆಯ ಗಂಡ ಅಥವಾ ಹೆಂಡತಿಯನ್ನು ನೋಡಿಕೊಳ್ಳುವ ವಯಸ್ಸಾದವರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಆರೈಕೆಯ ಒತ್ತಡದಲ್ಲಿ ನಲುಗಿದವರು ನಾಲ್ಕು ವರ್ಷದಲ್ಲಿ ಸಾಯುವ ಸಂಭವ, ಅಂಥ ಹೊಣೆ ಇಲ್ಲದವರಿಗಿಂತ 63 ಶೇಕಡಾ ಹೆಚ್ಚಿತ್ತು. ಆರೈಕೆ ಮಾಡುತ್ತಿದ್ದರೂ ಒತ್ತಡ ಇಲ್ಲದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಅಂದರೆ ತೊಂದರೆ ಬರುವುದು ಒತ್ತಡದಿಂದ. ಅದನ್ನು ಇಳಿಸುವುದು ಮನೆಯವರ ಕೈಯಲ್ಲಿದೆ.

ಈಗ ಮಾತಾಡುವ ವಿಷಯ. ‘ಸಹಾಯ ಬೇಕಾ?’ ಅಂತ ಕೇಳಬೇಡಿ. ಆ ಪ್ರಶ್ನೆಗೆ ‘ಬೇಡ’ ಅನ್ನುವುದೇ ಸುಲಭ. ಬೇಕು ಅಂದರೆ ಏನು ಬೇಕು ಅಂತ ಯೋಚಿಸಬೇಕು, ವಿವರಿಸಬೇಕು, ಕೈಲಾಗದು ಅಂತ ಒಪ್ಪಿಕೊಂಡ ಹಾಗೂ ಆಗುತ್ತದೆ. ಅಮ್ಮನಿಗೆ ಕೇಳಿಸದ ಜಾಗದಲ್ಲಿ ಕೂತು, ‘ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ ಅತ್ತಿಗೆ?’ ಅಂತ ಕೇಳಿ. ‘ದಿನದಲ್ಲಿ ಯಾವ ಹೊತ್ತು ತುಂಬಾ ಕಷ್ಟ?’ ಅಂತ ಕೇಳಿ. ಇಂಥ ಪ್ರಶ್ನೆಗೆ ‘ನಡೀತಿದೆ’ ಅಂತ ಉತ್ತರ ಕೊಡಲು ಆಗುವುದಿಲ್ಲ. ಅವರು ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡಿ. ‘ಯೋಗ ಮಾಡಿ, ಪಾಸಿಟಿವ್ ಆಗಿರಿ’ ಅನ್ನಬೇಡಿ. ಮರೆವಿಗೆ ಮನೆಮದ್ದಿನ ವಾಟ್ಸಾಪ್ ಮೆಸೇಜು ಖಂಡಿತ ಕಳಿಸಬೇಡಿ. ಅವರು ಅತ್ತರೆ ಅಳಲಿ. ‘ಒಮ್ಮೊಮ್ಮೆ ಇದೆಲ್ಲ ಮುಗಿದರೆ ಸಾಕು ಅನಿಸುತ್ತೆ’ ಅಂದರೂ ಗಾಬರಿಯಾಗಿ ಬೈಯಬೇಡಿ. ತುಂಬಾ ಪ್ರೀತಿಯಿಂದ ನೋಡಿಕೊಳ್ಳುವವರಿಗೂ ಹಾಗೆ ಅನಿಸುತ್ತದೆ.

ಆದರೆ ಎರಡು ಮಾತು ಬಂದರೆ ತಡ ಮಾಡಬೇಡಿ. ತಾನು ಸಾಯಬೇಕು ಅಥವಾ ಇಬ್ಬರೂ ಒಟ್ಟಿಗೆ ಹೋಗಿಬಿಡಬೇಕು ಅನ್ನುವ ಮಾತು ಒಂದು. ಅಮ್ಮನ ಮೇಲೆ ಕೈ ಮಾಡಿದೆ ಅನ್ನುವುದು ಇನ್ನೊಂದು. ಅವತ್ತೇ ಬೇರೊಬ್ಬರು ಅಮ್ಮನ ಜವಾಬ್ದಾರಿ ತಗೋಬೇಕು, ಅವತ್ತೇ ಅತ್ತಿಗೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ತಪ್ಪು ಯಾರದು ಅನ್ನುವ ಪಂಚಾಯಿತಿ ಆಮೇಲೆ. ಅಮ್ಮನನ್ನು ಕಾಪಾಡುವುದಕ್ಕೂ ಅದೇ ದಾರಿ.

ಕೂಗಾಡಿದ್ದನ್ನು ನೀವು ಪ್ರಸ್ತಾಪಿಸಬಹುದು, ಆದರೆ ದೂರಿನಂತೆ ಬೇಡ. ‘ಅವತ್ತು ನಿಮಗೆ ತುಂಬಾ ಸಾಕಾಗಿತ್ತು ಅನಿಸುತ್ತೆ’ ಅಂದರೆ ಸಾಕು. ಅವತ್ತಿನಿಂದ ಅವರು ಅದನ್ನೇ ನೆನೆದು ಕೊರಗುತ್ತಿರುವ ಸಾಧ್ಯತೆ ಹೆಚ್ಚು. ನಿಮ್ಮ ಫೋನ್ ಎತ್ತದಿರಲು ಅದೂ ಒಂದು ಕಾರಣ ಇರಬಹುದು.

ಆಮೇಲೆ ಕೆಲಸ ಹಂಚಿಕೊಳ್ಳುವುದು. ದೂರದಲ್ಲಿದ್ದೇನೆ, ಏನು ಮಾಡಲಿ ಅಂತ ನಿಮಗೆ ಅನಿಸುತ್ತಿರಬಹುದು. ದೂರದಿಂದಲೇ ಮಾಡಬಹುದಾದ್ದು ಬೇಕಾದಷ್ಟಿದೆ. ಅಮ್ಮನ ಮಾತ್ರೆ ಮುಗಿಯುವ ಮೊದಲೇ ತರಿಸುವುದು, ಡಾಕ್ಟರ ಅಪಾಯಿಂಟ್‌ಮೆಂಟ್, ಬ್ಯಾಂಕು, ಇನ್ಶೂರೆನ್ಸ್, ಬಿಲ್ಲುಗಳು, ಇವೆಲ್ಲ ಪೂರ್ತಿ ನಿಮ್ಮವಾಗಲಿ. ‘ನಾನು ನೆನಪು ಮಾಡ್ತೀನಿ’ ಅನ್ನುವುದು ಬೇಡ, ಅವರ ತಲೆಯಿಂದಲೇ ಅದು ಹೋಗಬೇಕು. ಹೊತ್ತು ಇಳಿಯುವಾಗ ಈ ಕಾಯಿಲೆಯವರಲ್ಲಿ ಅನೇಕರಿಗೆ ಚಡಪಡಿಕೆ ಹೆಚ್ಚಾಗುತ್ತದೆ. ದಿನಾ ಆ ಹೊತ್ತಿಗೆ ನೀವು ವಿಡಿಯೋ ಕಾಲ್ ಮಾಡಿ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡಿ. ಹಳೆಯ ಕಥೆ ಕೇಳಿ, ಹಳೆಯ ಹಾಡು ಹಾಡಿಸಿ. ಅಮ್ಮ ಇನ್ನೂ ಚೆನ್ನಾಗಿ ಮಾತಾಡುತ್ತಾರೆ ಅಂದಿರಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರಲಿ. ಆ ಅರ್ಧ ಗಂಟೆ ಅತ್ತಿಗೆ ಬೇರೆ ಕೋಣೆಯಲ್ಲಿ ಇರಬಹುದು.

ದುಡ್ಡು ಕೊಡುವ ಶಕ್ತಿ ಇದ್ದರೆ ಕೊಡಿ. ತಿಂಗಳಿಗೆ ಇಷ್ಟು ಅಂತ ತಪ್ಪದೆ, ಅವರು ಕೇಳುವ ಮೊದಲೇ. ಲೆಕ್ಕ ಕೇಳಬೇಡಿ. ಹೊರಗಿನ ಸಹಾಯಕರನ್ನು ಇಟ್ಟುಕೊಳ್ಳುವುದಾದರೆ ಆಯ್ಕೆ ಅತ್ತಿಗೆಯದೇ ಇರಲಿ. ಆ ಮನೆಯಲ್ಲಿ ಅಮ್ಮನ ಕಾಯಿಲೆ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ಅವರಿಗೇ.

ಆದರೂ ಕೆಲವು ದಿನ ನೀವೇ ಹೋಗಿ ಇರದೆ ಆಗುವುದಿಲ್ಲ. ಮೊದಲ ಎರಡು ದಿನ ಅತ್ತಿಗೆ ಜೊತೆಗೇ ಇದ್ದು ಕಲಿಯಿರಿ. ಸ್ನಾನಕ್ಕೆ ಯಾವ ಹೊತ್ತಿನಲ್ಲಿ ಕರೆದರೆ ಬರುತ್ತಾರೆ, ಮನೆಗೆ ಹೋಗಬೇಕು ಅಂದಾಗ ಏನು ಹೇಳಿದರೆ ಸಮಾಧಾನ ಆಗುತ್ತಾರೆ, ಮಾತ್ರೆ ಹೇಗೆ ನುಂಗಿಸುವುದು, ಎಲ್ಲ ಬರೆದುಕೊಳ್ಳಿ. ಮೂರನೆಯ ದಿನ ಅತ್ತಿಗೆ ಎಲ್ಲಾದರೂ ಹೋಗಿ ಬರಲಿ. ಅಮ್ಮ ಅತ್ತಿಗೆಯನ್ನೇ ಹುಡುಕಿ ರಂಪ ಮಾಡಬಹುದು, ಊಟ ಬೇಡ ಅನ್ನಬಹುದು. ಕಾಲು ಗಂಟೆಗೊಮ್ಮೆ ಅತ್ತಿಗೆಗೆ ಫೋನ್ ಮಾಡಬೇಡಿ. ಒಂದು ದಿನ ಅಮ್ಮನ ಸ್ನಾನ ತಪ್ಪಿದರೆ ಏನೂ ಆಗುವುದಿಲ್ಲ.

ಅಣ್ಣನ ಹತ್ತಿರ ಮಾತಾಡುವ ಹೊಣೆ ನಿಮ್ಮದೇ, ಅತ್ತಿಗೆ ಮೇಲೆ ಹಾಕಬೇಡಿ. ಒಂದು ಇಡೀ ದಿನ, ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆವರೆಗೆ, ಅಮ್ಮನಿಗಾಗಿ ಏನೇನು ಮಾಡಬೇಕಾಗುತ್ತದೆ ಅಂತ ಗಂಟೆ ಗಂಟೆಗೆ ಬರೆದು ಅವರ ಮುಂದೆ ಇಡಿ. ಜಗಳ ಬೇಡ, ಆ ಹಾಳೆಯೇ ಮಾತಾಡುತ್ತದೆ. ಅದರಲ್ಲಿ ಅವರು ಏನು ತಗೊಳ್ಳುತ್ತಾರೆ ಅಂತ ಕೇಳಿ. ರಾತ್ರಿ ಮನೆಯಲ್ಲೇ ಇರುತ್ತಾರೆ, ವಾರದಲ್ಲಿ ಕೆಲವು ರಾತ್ರಿ ಅಮ್ಮನ ಪಕ್ಕ ಮಲಗುವುದು ಅವರಿಗೆ ಸಾಧ್ಯ. ವಾರದಲ್ಲಿ ಎರಡು ರಾತ್ರಿ ಪೂರ್ತಿ ನಿದ್ದೆ ಸಿಕ್ಕರೂ ಅತ್ತಿಗೆಯಲ್ಲಿ ಬದಲಾವಣೆ ನಿಮಗೇ ಕಾಣುತ್ತದೆ.

ಮನೆಯವರು ಒಟ್ಟಾದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ನ್ಯೂಯಾರ್ಕ್‌ನಲ್ಲಿ ಮೇರಿ ಮಿಟಲ್‌ಮನ್ ಅವರ ತಂಡ ಅಲ್ಝೈಮರ್ಸ್ ಇರುವ ಗಂಡ ಅಥವಾ ಹೆಂಡತಿಯನ್ನು ನೋಡಿಕೊಳ್ಳುವ 406 ಜನರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿತು. ಅರ್ಧ ಜನರಿಗೆ ಒಬ್ಬರೇ ಕೂತು ಮಾತಾಡುವ ಎರಡು ಸಮಾಲೋಚನೆ, ಮನೆಯವರನ್ನೆಲ್ಲ ಕೂರಿಸಿ ನಾಲ್ಕು ಸಮಾಲೋಚನೆ, ಆಮೇಲೆ ಬೇಕೆಂದಾಗ ಫೋನ್ ಮಾಡುವ ಅನುಕೂಲ, ಇವುಗಳನ್ನು ಕೊಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಥ ಮನೆಗಳಲ್ಲಿ ಕಾಯಿಲೆಯವರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದು ಸುಮಾರು ಒಂದೂವರೆ ವರ್ಷ ಮುಂದಕ್ಕೆ ಹೋಯಿತು. ಗಮನಿಸಿ, ಇದು ಔಷಧಿಯಿಂದ ಆದದ್ದಲ್ಲ. ಲಂಡನ್‌ನಲ್ಲಿ ಗಿಲ್ ಲಿವಿಂಗ್‌ಸ್ಟನ್ ಅವರ ತಂಡ ಎಂಟು ಭೇಟಿಗಳ ಒಂದು ತರಬೇತಿ ಮಾಡಿತು. ಕಷ್ಟದ ನಡವಳಿಕೆಯನ್ನು ನಿಭಾಯಿಸುವುದು, ಸಹಾಯ ಕೇಳುವುದು, ಮನಸ್ಸು ಹಗುರ ಮಾಡಿಕೊಳ್ಳುವುದು, ಇದೇ ಪಾಠ. ಅದನ್ನು ಪಡೆದವರಲ್ಲಿ ಖಿನ್ನತೆ, ಆತಂಕ ಕಡಿಮೆಯಾಗಿದ್ದು 2013ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ಎಂಬ ಉಚಿತ ತರಬೇತಿಯೂ ಇಂಥದ್ದೇ. ಅದನ್ನು ಅತ್ತಿಗೆಗೆ ಕಳಿಸುವ ಬದಲು ಮೊದಲು ನೀವು, ಅಣ್ಣ ಓದಿ.

ಒಂದು ವೈದ್ಯಕೀಯ ಎಚ್ಚರಿಕೆ. ಅಮ್ಮ ಒಂದೆರಡು ದಿನದಲ್ಲಿ ಏಕಾಏಕಿ ತೀರಾ ಹದಗೆಟ್ಟರೆ, ಇಲ್ಲದ್ದು ಕಾಣತೊಡಗಿದರೆ, ಎಚ್ಚರವೇ ಇಲ್ಲದಂತೆ ಮಂಪರಾದರೆ, ‘ಕಾಯಿಲೆ ಜಾಸ್ತಿ ಆಯಿತು’ ಅಂತ ಸುಮ್ಮನಾಗಬೇಡಿ, ‘ಸರಿಯಾಗಿ ನೋಡಿಕೊಂಡಿಲ್ಲ’ ಅಂತ ಅತ್ತಿಗೆಯನ್ನೂ ಅನ್ನಬೇಡಿ. ಡಿಮೆನ್ಷಿಯಾ ಅಷ್ಟು ಬೇಗ ಬದಲಾಗುವುದು ಕಡಿಮೆ. ಮೂತ್ರದ ಸೋಂಕು, ಮಲಬದ್ಧತೆ, ನೋವು, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಇಂಥ ಕಾರಣ ಇರುತ್ತದೆ. ತಕ್ಷಣ ತೋರಿಸಿ. ರಾತ್ರಿ ಮಲಗಲಿ ಅಂತ ಮಂಪರು ಬರಿಸುವ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ. ಭ್ರಮೆ, ಉದ್ರೇಕ ತಗ್ಗಿಸಲು ಇಂಥವರಿಗೆ ಕೊಡುವ ಆ್ಯಂಟಿಸೈಕೋಟಿಕ್ ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಬೇಕೇ ಬೇಕೆಂದಾಗ ಡಾಕ್ಟರ್ ತೂಗಿ ನೋಡಿ ಸ್ವಲ್ಪ ದಿನಕ್ಕೆ ಕೊಡುತ್ತಾರೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹತ್ತು ನಿಮಿಷ ಅತ್ತಿಗೆ ಒಬ್ಬರೇ ಮಾತಾಡಲು ಅವಕಾಶ ಕೇಳಿ. ನೀವು ಅಮ್ಮನ ಜೊತೆ ಹೊರಗೆ ಕೂತಿರಿ. ಅಮ್ಮನ ಮುಂದೆ ಹೇಳಲಾಗದ್ದು ಎಷ್ಟೋ ಇರುತ್ತದೆ.

ಹಗಲಿನ ಆರೈಕೆ ಕೇಂದ್ರ, ಕೆಲವು ದಿನಕ್ಕೆ ಬಿಟ್ಟು ಬರುವ ಕೇಂದ್ರ, ಕೊನೆಗೆ ಪೂರ್ತಿ ಸೇರಿಸುವ ವಿಚಾರ, ಇವುಗಳ ಬಗ್ಗೆ ಮಾತು ಬಂದರೆ ‘ಅಮ್ಮನನ್ನು ಹೊರಗೆ ಹಾಕ್ತೀರಾ’ ಅಂತ ನೀವಂತೂ ಅನ್ನಬೇಡಿ. ಆ ಮಾತು ಆಡುವ ಹಕ್ಕು, ನನ್ನ ಪ್ರಕಾರ, ರಾತ್ರಿ ಎದ್ದು ನೋಡುವವರಿಗೆ ಮಾತ್ರ.

ಇವತ್ತು ಮಾಡಬೇಕಾದ್ದು ಇಷ್ಟು. ರಜೆ ಹಾಕಿ, ಟಿಕೆಟ್ ತೆಗೆಯಿರಿ. ಆಮೇಲೆ ಅತ್ತಿಗೆಗೆ ಫೋನ್ ಮಾಡಿ, ಎತ್ತದಿದ್ದರೆ ಮೆಸೇಜ್ ಹಾಕಿ: ‘ಅತ್ತಿಗೆ, ಇಂಥ ದಿನ ಬರ್ತೀನಿ, ಇಷ್ಟು ದಿನ ಇರ್ತೀನಿ. ಆ ದಿನಗಳಲ್ಲಿ ಅಮ್ಮನ ರಾತ್ರಿ ನನ್ನದು.’ ‘ಯಾಕೆ ಸುಮ್ನೆ, ಬೇಡ’ ಅಂತ ಉತ್ತರ ಬರಬಹುದು. ಆದರೂ ಹೋಗಿ. ಸಿಕ್ಕ ಬಿಡುವಿನಲ್ಲಿ ಅವರು ಬರೀ ಮಲಗಬಹುದು, ಫೋನ್ ನೋಡುತ್ತಾ ಕೂರಬಹುದು, ಎಲ್ಲಿಗೋ ಹೋಗಿ ತಡವಾಗಿ ಬರಬಹುದು. ಏನು ಮಾಡಿದಿರಿ ಅಂತ ಕೇಳಬೇಡಿ. ಮುಂದಿನ ಸಲ ಯಾವಾಗ ಬರುತ್ತೀರಿ ಅಂತ ಹೊರಡುವ ಮೊದಲೇ ತಾರೀಖು ಹೇಳಿ ಬನ್ನಿ.